ಹೆರಿಗೆ ಆಸ್ಪತ್ರೆ: ನರ್ಸಮ್ಮನಿಗೆ 5 ಸ್ಟಾರ್, ಕ್ಯಾಂಟೀನಿಗೆ 1

ಎರಡನೇ ಹೆರಿಗೆಗೆ ಇಲ್ಲಿ ಐದು ದಿನ ಇದ್ದೆ. ಆಸ್ಪತ್ರೆ ಹೆಸರು ಹಾಕುವುದಿಲ್ಲ, ಮಗುವಿನ ಲಸಿಕೆಗೆ ಇನ್ನೂ ಅಲ್ಲಿಗೇ ಹೋಗಬೇಕಲ್ವಾ!

ನನ್ನದು ಡಬಲ್ ತಾಪತ್ರಯದ ಕೇಸು. ನನ್ನ ರಕ್ತ ಓ ನೆಗೆಟಿವ್, ನಮ್ಮನೆಯವರದು ಬಿ ಪಾಸಿಟಿವ್. ಅದು ಸಾಲದು ಅಂತ ಆರನೇ ತಿಂಗಳಲ್ಲಿ ಶುಗರ್ ಕಾಣಿಸಿಕೊಂಡಿತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 168. ಅದು 140ರ ಒಳಗಿರಬೇಕಿತ್ತು.

ಡಾಕ್ಟರಮ್ಮ ಬಿಡಿಸಿ ಹೇಳಿದ ರೀತಿ ಇಷ್ಟವಾಯಿತು. ನಮ್ಮ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ನಮ್ಮ ಇನ್ಸುಲಿನ್ ಹೋಗುವುದಿಲ್ಲ. ಹಾಗಾಗಿ ಮಗುವೇ ಜಾಸ್ತಿ ಇನ್ಸುಲಿನ್ ಮಾಡಿಕೊಂಡು ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರುವುದು ನಿಂತರೂ ಆ ಇನ್ಸುಲಿನ್ ಸುಮ್ನೆ ಇರುವುದಿಲ್ಲ. ಮಗುವಿನ ಶುಗರ್ ದಬಕ್ಕನೆ ಇಳಿಯುತ್ತದೆ.

ನಮ್ಮ ಮಗನಿಗೂ ಹಾಗೇ ಆಯಿತು. ತೂಕ 3.9 ಕಿಲೋ. ಅರ್ಧ ಗಂಟೆಯೊಳಗೆ ನರ್ಸಮ್ಮ ಎದೆಗೆ ಹಾಕಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹಿಮ್ಮಡಿ ಚುಚ್ಚಿ ನೋಡಿದರೆ 38! ಅಷ್ಟರಲ್ಲಿ ನಮ್ಮತ್ತೆ ಜೇನುತುಪ್ಪದ ಬಾಟಲಿ ಹಿಡಿದು ರೆಡಿ. ನರ್ಸಮ್ಮ "ಅಜ್ಜೀ, ಅದನ್ನ ಬ್ಯಾಗಲ್ಲಿಡಿ" ಎಂದವರೇ, ನನ್ನಿಂದ ಹಳದಿ ಹಾಲು ಹಿಂಡಿಸಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದರು. ಮತ್ತೆ ನೋಡಿದಾಗ 57. ಆಮೇಲೂ ಒಂದು ದಿನ ಪೂರ್ತಿ ಆ ಪುಟ್ಟ ಹಿಮ್ಮಡಿಗೆ ಬಿಡುವಿರಲಿಲ್ಲ. ಅವನಿಗಿಂತ ನಾನೇ ಜಾಸ್ತಿ ಅತ್ತೆ.

ಈಗ ದೂರು. ಮಗುವಿನ ರಕ್ತ ಪಾಸಿಟಿವ್ ಬಂತು. ಅಂದರೆ 72 ಗಂಟೆಯೊಳಗೆ ನನಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಇಲ್ಲದಿದ್ದರೆ ನನ್ನ ಮೈಯಲ್ಲಿ ಆಂಟಿಬಾಡಿ ಹುಟ್ಟಿ, ಮುಂದಿನ ಬಸಿರಿನಲ್ಲಿ ಮಗುವಿನ ಕೆಂಪು ರಕ್ತಕಣಗಳನ್ನೇ ಒಡೆಯಬಹುದು. ರಕ್ತ ಕಮ್ಮಿಯಾಗುವುದು, ಜೋರು ಕಾಮಾಲೆ, ಎಲ್ಲ ಅದರಿಂದಲೇ. ದೊಡ್ಡವಳು ಹುಟ್ಟಿದಾಗ ತಪ್ಪದೆ ಹಾಕಿಸಿಕೊಂಡಿದ್ದೆ, ಈ ಸಲ 28ನೇ ವಾರದಲ್ಲೂ ಒಂದು ಆಗಿತ್ತು. ಇಷ್ಟೆಲ್ಲ ಫೈಲಿನಲ್ಲಿದ್ದರೂ ಇವರ ಮೆಡಿಕಲ್‌ನಲ್ಲಿ ಸ್ಟಾಕೇ ಇಲ್ಲ! ಭಾನುವಾರ ಮಧ್ಯಾಹ್ನ ನಮ್ಮನೆಯವರು ಐಸ್ ತುಂಬಿದ ಡಬ್ಬಿ ಹಿಡಿದು ನಾಲ್ಕು ಅಂಗಡಿ ಸುತ್ತಿ ತಂದರು.

ಕ್ಯಾಂಟೀನಿನ ಕಥೆ ಇನ್ನೂ ಚೆಂದ. ಹೆರಿಗೆಗೆ ಮುಂಚೆ, ನಾನು ಇನ್ಸುಲಿನ್ ಚುಚ್ಚಿಸಿಕೊಂಡು ಕೂತಿದ್ದಾಗ, ತಿಂಡಿಗೆ ಬಂದಿದ್ದು ಕೇಸರಿಬಾತ್. ಜೊತೆಗೆ ಸಕ್ಕರೆ ಹಾಕಿದ ಟೀ. ಮಂಚಕ್ಕೆ "ಶುಗರ್ ಪೇಷೆಂಟ್" ಅಂತ ಬೋರ್ಡ್ ಬೇರೆ ನೇತಾಡುತ್ತಿತ್ತು.

ಮೂರನೇ ದಿನ ಮಗು ಸ್ವಲ್ಪ ಹಳದಿ ತಿರುಗಿತು, ಒಂದು ದಿನ ನೀಲಿ ಲೈಟಿನ ಕೆಳಗೆ ಮಲಗಿಸಿದರು, ಸರಿಹೋಯಿತು. ರೂಮು ಚೊಕ್ಕ, ಬಾತ್‌ರೂಮಿನಲ್ಲಿ ಬಿಸಿನೀರು ಬೆಳಗ್ಗೆ ಮಾತ್ರ.

ಆರು ವಾರಕ್ಕೆ ನನ್ನ ಶುಗರ್ ಮತ್ತೆ ನೋಡಿಸಬೇಕು ಅನ್ನುವುದು ಡಿಸ್ಚಾರ್ಜ್ ಚೀಟಿಯಲ್ಲಿ ಇರಲೇ ಇಲ್ಲ. ಆಟೋ ಹತ್ತುವಾಗ ಅದೇ ನರ್ಸಮ್ಮ ಓಡಿ ಬಂದು ಹೇಳಿದರು. ಅವರ ಪೆನ್ನಿನಲ್ಲೇ ತಾರೀಕು ಬರೆದುಕೊಂಡೆ, ಪೆನ್ನು ಇನ್ನೂ ನನ್ನ ಹತ್ತಿರವೇ ಇದೆ.