ಕಾರು, ಬಾಡಿಗೆ ವ್ಯಾನು, ರೈಲು: ತಿಂಗಳ ನಡಿಗೆಗೆ ನಾವು ಪರೀಕ್ಷಿಸಿದ ಮೂರು ಏರ್ಪಾಡುಗಳು

ಮೈಸೂರಿನ ನಾವು ಒಂಬತ್ತು ಮಂದಿ ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಊರಾಚೆಯ ಹಳ್ಳಿದಾರಿಗಳಲ್ಲಿ ನಡೆದು ಸಂಜೆಯೊಳಗೆ ಮನೆ ಸೇರುವ ಪರಿಪಾಠವನ್ನು 2024ರ ಜನವರಿಯಲ್ಲಿ ಆರಂಭಿಸಿದೆವು. ಗುಂಪಿನಲ್ಲಿ ಐವರು ಹೆಂಗಸರು, ನಾಲ್ವರು ಗಂಡಸರು. ಎಲ್ಲರಿಗಿಂತ ಕಿರಿಯರಿಗೆ 34 ವರ್ಷ, ಹಿರಿಯರಿಗೆ 71. ಬೆಟ್ಟದ ತುದಿ ಮುಟ್ಟುವ ಚಾರಣ ನಮ್ಮ ಉದ್ದೇಶವಾಗಿರಲಿಲ್ಲ. ನಾಲೆಯ ಏರಿ, ಕೆರೆಯ ಕಟ್ಟೆ, ಬಂಡಿ ಜಾಡುಗಳ ಮೇಲೆ 10ರಿಂದ 13 ಕಿಲೋಮೀಟರ್ ನಡೆಯಬೇಕು, ನಡುವೆ ಎಲ್ಲಾದರೂ ಬುತ್ತಿ ಬಿಚ್ಚಬೇಕು, ಅಷ್ಟೇ. ಯೋಜನೆಯ ಹೊಣೆ ನನ್ನ ಪಾಲಿಗೆ ಬಂದಿತ್ತು. ದಾರಿ ಹುಡುಕುವುದೇ ಕಷ್ಟದ ಕೆಲಸವೆಂದು ಭಾವಿಸಿ ಮೊದಲ ತಿಂಗಳುಗಳಲ್ಲಿ ನಾನು ನಕ್ಷೆಗಳ ಮುಂದೆಯೇ ಕುಳಿತಿರುತ್ತಿದ್ದೆ. ಆದರೆ ಇಪ್ಪತ್ತು ತಿಂಗಳ ಬಳಿಕ ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿದಾಗ, ದಾರಿ ಸಿಗದೆ ರದ್ದಾದ ನಡಿಗೆ ಒಂದೂ ಕಾಣಲಿಲ್ಲ; ರದ್ದಾದವೆಲ್ಲ ಹೋಗಿಬರುವ ಏರ್ಪಾಡು ಕುಸಿದು ಬಿದ್ದವುಗಳೇ ಆಗಿದ್ದವು.

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಜನವರಿಯಿಂದ ಜುಲೈವರೆಗೆ ಸ್ವಂತ ಕಾರುಗಳನ್ನು ನಂಬಿದ ಏಳು ತಿಂಗಳಲ್ಲಿ ನಡೆದದ್ದು ನಾಲ್ಕು ನಡಿಗೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬಾಡಿಗೆ ವ್ಯಾನನ್ನು ನೆಚ್ಚಿದ ಐದು ತಿಂಗಳಲ್ಲಿ ಮೂರು. 2025ರ ಜನವರಿಯಿಂದ ಆಗಸ್ಟ್‌ವರೆಗೆ ರೈಲು ಮತ್ತು ಸಾಮಾನ್ಯ ಬಸ್ಸುಗಳನ್ನು ಹಿಡಿದ ಎಂಟು ತಿಂಗಳಲ್ಲಿ ಎಂಟೂ ನಡೆದವು, ಅದರಲ್ಲಿ ಒಂದಕ್ಕೆ ನಾಲ್ಕೇ ಮಂದಿ ಬಂದಿದ್ದರೂ ಸಹ. ಏಪ್ರಿಲ್, ಮೇ ತಿಂಗಳ ಬಿಸಿಲು ಕಾರಿನ ಸರದಿಯಲ್ಲೂ ಇತ್ತು, ರೈಲಿನ ಸರದಿಯಲ್ಲೂ ಇತ್ತು; ಆದ್ದರಿಂದ ವ್ಯತ್ಯಾಸವನ್ನು ಹವಾಮಾನದ ತಲೆಗೆ ಕಟ್ಟುವಂತಿಲ್ಲ.

ಕಾರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಯೇ ಮುಂದುವರಿಯಬೇಕು. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿನಲ್ಲಿ, ಮುಳುಗಡೆಯಾದ ಊರಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿರುವ ಹೊಸಕನ್ನಂಬಾಡಿಗೆ ಬೆಳಕು ಹರಿಯುವ ಮೊದಲೇ ತಲುಪಲು ನಮಗೆ ಸಾಧ್ಯವಾದದ್ದು ಕಾರಿನಿಂದ ಮಾತ್ರ. ಆ ಬೆಳಗಿನ ಮಂಜಿಗಾಗಿ ಮತ್ತೊಮ್ಮೆ ಅದೇ ಏರ್ಪಾಡು ಮಾಡಲು ನಾನು ಸಿದ್ಧ. ಆದರೆ ಕಾರಿನಲ್ಲಿ ಹೋದವರು ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕಾದ್ದರಿಂದ ಪ್ರತಿಯೊಂದು ದಾರಿಯನ್ನೂ ಸುತ್ತು ದಾರಿಯಾಗಿಯೇ ಹೆಣೆಯಬೇಕಾಗುತ್ತದೆ, ಮತ್ತು ನಮ್ಮ ಬಯಲು ಸೀಮೆಯಲ್ಲಿ ಒಳ್ಳೆಯ ಸುತ್ತು ದಾರಿ ಅಪರೂಪ. ಕರಿಘಟ್ಟದ ತಪ್ಪಲಿನಲ್ಲಿ ಕಾರು ಬಿಟ್ಟು ಹೊರಟ ದಿನ ಮೊದಲ ಆರು ಕಿಲೋಮೀಟರ್ ಗದ್ದೆ ಬಯಲಿನ ತಂಪಿನಲ್ಲಿ ಹಗುರವಾಗಿ ಸಾಗಿತು. ಉಳಿದ ಐದನ್ನು ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಟಾರು ರಸ್ತೆಯ ಅಂಚಿನಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತಾ ಮುಗಿಸಿದೆವು. ಒಂದು ಕಾರನ್ನು ಮುಗಿಯುವ ಜಾಗದಲ್ಲಿ ಮೊದಲೇ ಬಿಟ್ಟುಬರುವ ಉಪಾಯವನ್ನೂ ಮಾಡಿ ನೋಡಿದೆವು. ಬಿಟ್ಟು ಬರುವುದಕ್ಕೆ, ಆಮೇಲೆ ಮತ್ತೊಂದನ್ನು ತರುವುದಕ್ಕೆ ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ ವ್ಯಯವಾಯಿತು. ಅಷ್ಟು ಹೊತ್ತಿನಲ್ಲಿ ಇನ್ನೂ ನಾಲ್ಕು ಕಿಲೋಮೀಟರ್ ನಡೆಯಬಹುದಿತ್ತು.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಒಂಬತ್ತು ಮಂದಿಯಲ್ಲಿ ಕಾರು ಇದ್ದವರು ಮೂವರು. ಅವರಲ್ಲಿ ಒಬ್ಬರಿಗೆ ಶನಿವಾರ ರಾತ್ರಿ ನೆಂಟರು ಬಂದರೆ ಮೂರು ಮಂದಿಯ ಭಾನುವಾರ ಅಲ್ಲಿಗೆ ಮುಗಿಯುತ್ತಿತ್ತು. ಪೆಟ್ರೋಲಿನ ಪಾಲೆಂದು ತಲೆಗೆ 120 ರೂಪಾಯಿ ಕೊಟ್ಟರೂ ಬೆಳಗಿನ ಐದೂವರೆಗೆ ಮನೆಮನೆ ಸುತ್ತಿ ಜನರನ್ನು ಹತ್ತಿಸಿಕೊಳ್ಳುವುದು ಉಪಕಾರವೇ ಹೊರತು ವ್ಯವಹಾರವಲ್ಲ. ತಿಂಗಳುಗಟ್ಟಲೆ ಒಬ್ಬರ ಉಪಕಾರದ ಮೇಲೆ ನಿಂತ ಏರ್ಪಾಡಿನಲ್ಲಿ ‘ಈ ಸಲ ಬೇಡ’ ಎನ್ನಲು ಅವರಿಗೂ ಸಂಕೋಚ, ‘ಈ ಸಲ ಬನ್ನಿ’ ಎನ್ನಲು ನಮಗೂ ಸಂಕೋಚ.

ಹಾಗಾಗಿ ಆಗಸ್ಟ್‌ನಲ್ಲಿ ಹನ್ನೆರಡು ಆಸನದ ಟೆಂಪೊ ಟ್ರಾವೆಲರ್ ಗೊತ್ತುಮಾಡಿದೆವು. ದಿನಕ್ಕೆ 4,800 ರೂಪಾಯಿ, ಚಾಲಕರ ಭತ್ಯೆ 300, ಒಟ್ಟು 5,100. ಒಂಬತ್ತು ಮಂದಿ ಬಂದರೆ ತಲೆಗೆ 567 ರೂಪಾಯಿ. ಆರೇ ಮಂದಿಯಾದರೆ 850. ದಾರಿಯ ವಿಷಯದಲ್ಲಿ ಇದು ಕೊಟ್ಟ ಸ್ವಾತಂತ್ರ್ಯವನ್ನು ಉಳಿದೆರಡೂ ಕೊಡಲಾರವು. ಮೇಲುಕೋಟೆಯ ಕಲ್ಯಾಣಿಯ ಬಳಿ ಪುಳಿಯೋಗರೆ ತಿಂದು, ಸುತ್ತಲಿನ ಕಾಡು 1974ರಿಂದ ವನ್ಯಧಾಮವಾಗಿರುವ ಕಾರಣ ಅದರೊಳಗೆ ಮನಬಂದಂತೆ ನುಗ್ಗದೆ ಜಕ್ಕನಹಳ್ಳಿಯವರೆಗೆ ವ್ಯಾನಿನಲ್ಲೇ ಇಳಿದು, ಅಲ್ಲಿಂದ ಹಳ್ಳಿಗಳ ನಡುವೆ ದಕ್ಷಿಣಕ್ಕೆ ನಡೆದು ತೊಣ್ಣೂರು ಕೆರೆಯ ಕಟ್ಟೆಯ ಮೇಲೆ ನಿಂತ ದಿನ, ಈ ಇಪ್ಪತ್ತು ತಿಂಗಳ ಅತ್ಯುತ್ತಮ ನಡಿಗೆ ಅದೇ ಎಂದು ಎಲ್ಲರೂ ಒಪ್ಪಿದರು. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರು ಆ ನೀರಿಗೆ ಏಕೆ ಬಂತೆಂದು ಯಾರೂ ವಿವರಿಸಬೇಕಾಗಲಿಲ್ಲ.

ಆದರೂ ವ್ಯಾನು ನಮ್ಮ ಗುಂಪಿಗೆ ಒಗ್ಗಲಿಲ್ಲ. ಹಣದ ಮಾತು ಒಂದು ಕಡೆ ಇರಲಿ. ಮುಂಗಡ ಕೊಟ್ಟ ಮೇಲೆ ಇಬ್ಬರು ಹಿಂದೆ ಸರಿದರೆ ಉಳಿದವರ ಪಾಲು ಏರುತ್ತದೆ, ಏರಿದ್ದನ್ನು ಕಂಡು ಮೂರನೆಯವರೂ ಸರಿಯುತ್ತಾರೆ, ಎರಡು ತಿಂಗಳು ಹೀಗೆಯೇ ರದ್ದಾದವು. ನಾನು ಎಣಿಸದಿದ್ದ ತೊಂದರೆ ಇನ್ನೊಂದಿತ್ತು. ಜೊತೆಜೊತೆಗೆ ವ್ಯಾನು ಇದೆಯೆಂದು ಗೊತ್ತಿರುವಾಗ ಕಾಲು ಬೇಗ ಸೋಲುತ್ತದೆ. ಒಂದು ನಡಿಗೆಯಲ್ಲಿ ಆರನೆಯ ಕಿಲೋಮೀಟರಿನಲ್ಲಿ ಇಬ್ಬರು ಫೋನ್ ಮಾಡಿ ಚಾಲಕರನ್ನು ಕರೆಸಿಕೊಂಡು ಹತ್ತಿದರು. ಮುಂದಿನ ಸಲ ನಾಲ್ವರು. ಅವರನ್ನು ದೂರುವಂತಿಲ್ಲ, ಬಾಡಿಗೆಗೆ ಅವರೂ ಹಣ ಕೊಟ್ಟಿದ್ದಾರೆ. ಆದರೆ ನಡೆಯುವವರು ಐವರಾಗಿ, ಕಾಯುವವರು ನಾಲ್ವರಾದ ಮೇಲೆ, ನಡೆಯುವವರ ಕಿವಿಯಲ್ಲೂ ಆ ಕಾಯುವಿಕೆಯೇ ಗುಂಯ್‌ಗುಡುತ್ತಿರುತ್ತದೆ.

ಮೂರನೆಯ ಏರ್ಪಾಡು ಹೊಳೆದದ್ದು ಭೂನಕ್ಷೆ ನೋಡುವಾಗ. ಭಾರತ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ಮೈಸೂರು ಮತ್ತು ಶ್ರೀರಂಗಪಟ್ಟಣ ಎರಡೂ ಹಳೆಯ ಸಂಖ್ಯೆಯ 57ಡಿ/11ರಲ್ಲಿ ಬರುತ್ತವೆ. ಆ ಒಂದೇ ಹಾಳೆಯ ಮೇಲೆ ಮೈಸೂರಿನಿಂದ ಮೂರು ಹಳಿಗಳು ಹೊರಡುತ್ತವೆ: ಬೆಂಗಳೂರಿನ ಕಡೆಗೊಂದು, ಹಾಸನದ ಕಡೆಗೊಂದು, ಚಾಮರಾಜನಗರದ ಕಡೆಗೊಂದು. ಒಂದು ಹಳಿಯ ಮೇಲಿನ ನಿಲ್ದಾಣದಲ್ಲಿ ಇಳಿದು ಇನ್ನೊಂದು ಹಳಿಯ ನಿಲ್ದಾಣಕ್ಕೆ ನಡೆದರೆ ಸುತ್ತು ದಾರಿಯ ಹಂಗೇ ಇರುವುದಿಲ್ಲ. ಎಲ್ಲ ಹಳಿಗಳೂ ಕೊನೆಗೆ ನಮ್ಮ ಊರಿಗೇ ಸೇರುತ್ತವೆ. ಹಾಸನದ ಹಳಿಯ ಬೆಳಗೊಳದಲ್ಲಿ ಇಳಿದು, ವಿರಿಜಾ ನಾಲೆಯ ಏರಿ ಹಿಡಿದು, ಪಾಲಹಳ್ಳಿಯ ಮೂಲಕ ಬೆಂಗಳೂರು ಹಳಿಯ ಶ್ರೀರಂಗಪಟ್ಟಣಕ್ಕೆ ಬರುವ ಸುಮಾರು ಹನ್ನೆರಡು ಕಿಲೋಮೀಟರಿನ ದಾರಿಯನ್ನು ನಾವು ಮೂರು ಸಲ ನಡೆದಿದ್ದೇವೆ. ಏರಿಯ ಮೇಲೆ ಹತ್ತಿಳಿತವೇ ಇಲ್ಲದ ಕಾರಣ 71ರ ಹಿರಿಯರು ಅಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಭತ್ತ. ತೂಬಿನ ಬಳಿ ಬಟ್ಟೆ ಒಗೆಯುವವರು ‘ಎಲ್ಲಿಗೆ ಹೊರಟ್ರಿ’ ಎಂದು ಕೇಳಿ, ‘ಸುಮ್ಮನೆ’ ಎಂಬ ಉತ್ತರವನ್ನು ಪೂರ್ತಿ ನಂಬದೆ ನೋಡುತ್ತಾರೆ. ನಾಲೆಗೆ ನೀರು ಬಿಡದ ತಿಂಗಳುಗಳಲ್ಲಿ ಮಾತ್ರ ಇದೇ ದಾರಿ ಬಣಗುಡುತ್ತದೆ.

ಖರ್ಚಿನ ಮಾತು ಹಾಸ್ಯಾಸ್ಪದವಾಗುವಷ್ಟು ಸಣ್ಣದು. ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ. ಆ ಚೀಟಿ ಹಿಡಿದು ಎಕ್ಸ್‌ಪ್ರೆಸ್ ಹತ್ತಬಾರದೆಂಬುದನ್ನು ಮಾತ್ರ ಹೊಸಬರಿಗೆ ಮೊದಲೇ ಹೇಳಿರಬೇಕು. ಬಸ್ಸಿನಲ್ಲಿ ಮರಳಿದರೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸಾರಿಗೆಗಳಲ್ಲಿ ನಮ್ಮ ಐವರು ಹೆಂಗಸರಿಗೆ ಟಿಕೆಟ್ಟಿನ ಖರ್ಚೇ ಇಲ್ಲ, ಗುರುತಿನ ಚೀಟಿ ಮರೆಯದಿದ್ದರೆ ಸಾಕು. ಹಣ ಉಳಿಯಿತೆಂಬುದಕ್ಕಿಂತ, ಒಬ್ಬರು ಬಾರದಿದ್ದರೆ ಮತ್ತೊಬ್ಬರ ಪಾಲು ಏರುವುದಿಲ್ಲವೆಂಬುದು ನನಗೆ ಮುಖ್ಯವಾಗಿ ಕಂಡಿತು. ನಾಲ್ಕೇ ಮಂದಿ ಬಂದ ಮಾರ್ಚ್ ತಿಂಗಳಲ್ಲಿ ಯಾರೂ ಯಾರಿಗೂ ಫೋನ್ ಮಾಡಿ ಒತ್ತಾಯಿಸಲಿಲ್ಲ. ರೈಲು ಹೊರಟಿತು, ನಾವೂ ಹೊರಟೆವು. ದಾರಿಯನ್ನು ಮುಂಚಿತವಾಗಿ ನೋಡಿಬರುವುದೂ ಅಗ್ಗವಾಯಿತು. ವಾರದ ನಡುವೆ ಒಬ್ಬನೇ ಹೋಗಿ, ಬಂಡಿ ಜಾಡು ಯಾರ ಹಿಡುವಳಿಯಲ್ಲಿ ಹಾಯುತ್ತದೆಂಬ ಅನುಮಾನ ಬಂದಲ್ಲಿ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು, ಗದ್ದೆಯಲ್ಲಿದ್ದವರನ್ನು ಒಂದು ಮಾತು ಕೇಳಿ ಬರುತ್ತೇನೆ.

ಈ ಏರ್ಪಾಡಿನ ದೌರ್ಬಲ್ಯಗಳು ನಿಜವಾದವು. ಬೆಳಗಿನ ರೈಲು ನಮ್ಮ ಅನುಕೂಲಕ್ಕೆ ಹೊರಡುವುದಿಲ್ಲ. ಬೇಸಿಗೆಯಲ್ಲಿ ಅದು ಇಳಿಸುವ ಹೊತ್ತಿಗೇ ಬಿಸಿಲು ಏರಿರುವುದರಿಂದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಏಳೇ ಕಿಲೋಮೀಟರ್ ನಡೆದು ಹನ್ನೊಂದರೊಳಗೆ ಮುಗಿಸಿದೆವು. ಹೊಸಕನ್ನಂಬಾಡಿಯಂಥ ಜಾಗಗಳು ಕೈಗೆಟುಕುವುದಿಲ್ಲ. ಹಾಸನದ ಹಳಿಯಲ್ಲಿ ಪ್ಯಾಸೆಂಜರ್ ರೈಲುಗಳು ವಿರಳ. ಫೆಬ್ರುವರಿಯಲ್ಲಿ ಇದೇ ದಾರಿಯನ್ನು ತಿರುಗಿಸಿ, ಶ್ರೀರಂಗಪಟ್ಟಣದಿಂದ ಹೊರಟು ಬೆಳಗೊಳದಲ್ಲಿ ರೈಲು ಹತ್ತುವ ಯೋಚನೆ ಮಾಡಿದ್ದೆ. ನಡುವೆ ಒಂದು ಆಲೆಮನೆಯ ಕೊಪ್ಪರಿಗೆಯ ಮುಂದೆ, ಬಿಸಿ ಬೆಲ್ಲದ ಆಸೆಗೆ, ನಲವತ್ತು ನಿಮಿಷ ನಿಂತೆವು. ರೈಲು ಹೋಯಿತು. ತಪ್ಪು ಪೂರ್ತಿ ನಮ್ಮದೇ. ಮುಖ್ಯರಸ್ತೆಯವರೆಗೆ ಮತ್ತೆ ನಡೆದು ಬಸ್ಸು ಹಿಡಿಯುವಾಗ ಬೆಲ್ಲದ ರುಚಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಆ ಸಂಜೆಯಿಂದ ಒಂದು ನಿಯಮ ಮಾಡಿಕೊಂಡೆವು: ವಿರಳವಾದ ವಾಹನವನ್ನು ಬೆಳಿಗ್ಗೆ ಹಿಡಿಯಬೇಕು, ಮುಗಿಯುವ ಜಾಗ ಮಾತ್ರ ಅರ್ಧ ಗಂಟೆಗೊಂದಾದರೂ ಬಸ್ಸು ಬರುವಂಥದ್ದಾಗಿರಬೇಕು. ಬೆಳಿಗ್ಗೆ ವಾಹನ ತಪ್ಪಿದರೆ ಮನೆಗೆ ಹೋಗಿ ಮಲಗಬಹುದು, ಸಂಜೆ ತಪ್ಪಿದರೆ ಹಾಗಲ್ಲ. ಈ ನಿಯಮದ ಪ್ರಕಾರ ಸುತ್ತೂರಿಗೆ ಬಸ್ಸಿನಲ್ಲಿ ಹೋಗಿ ಕಪಿಲೆಯ ಕಡೆಯ ಹಳ್ಳಿಗಳ ಮೂಲಕ ನಂಜನಗೂಡಿಗೆ ನಡೆದದ್ದು ಸೊಗಸಾಗಿ ಕೂಡಿಬಂತು. ನಮ್ಮ ಮಿತಿ ದಾಟಿ 14 ಕಿಲೋಮೀಟರ್ ಆಯಿತಾದರೂ, ಕೊನೆಯಲ್ಲಿ 1735ರ ಕಲ್ಲಿನ ಸೇತುವೆಯನ್ನು, ಒಂದು ಕಾಲಕ್ಕೆ ರೈಲನ್ನೂ ಹೊತ್ತು ಈಗ ವಿಶ್ರಾಂತಿಯಲ್ಲಿರುವ ಆ ಸೇತುವೆಯನ್ನು, ನೋಡುತ್ತಾ ನಿಂತವರಿಗೆ ಮೈಸೂರಿಗೆ ಮರಳಲು ಬಸ್ಸು, ರೈಲು ಎರಡೂ ಇದ್ದವು. ಹುಣ್ಣಿಮೆಯ ಭಾನುವಾರ ನಂಜನಗೂಡಿನಲ್ಲೂ ಅಮಾವಾಸ್ಯೆಯ ಭಾನುವಾರ ಶ್ರೀರಂಗಪಟ್ಟಣದಲ್ಲೂ ಮುಗಿಸಬಾರದೆಂಬುದನ್ನು, ದೇವರ ದರ್ಶನಕ್ಕೆ ಬಂದವರಿಂದ ಕಿಕ್ಕಿರಿದ ಮರಳುವ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತು ಕಲಿತೆವು. ಈಗ ಕ್ಯಾಲೆಂಡರ್ ನೋಡಿ ಎರಡು ದಾರಿಗಳನ್ನು ಅದಲುಬದಲು ಮಾಡುತ್ತೇನೆ.

ನಿಲ್ದಾಣದಿಂದ ನಿಲ್ದಾಣಕ್ಕೆ ನಡೆಯುವುದರಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ನಾನಾಗಿ ಗಮನಿಸಿರಲಿಲ್ಲ, ಗುಂಪಿನ ಹೆಂಗಸರು ಹೇಳಿದರು. ಕಾರಿನಲ್ಲಿ ಹೋಗಿ ಹೊಲದ ನಡುವೆ ಇಳಿದರೆ ಶೌಚಾಲಯ ಎಲ್ಲಿಯೂ ಇರುವುದಿಲ್ಲ, ಆದ್ದರಿಂದ ಅವರಲ್ಲಿ ಮೂವರು ಬೆಳಗಿನಿಂದ ನೀರನ್ನೇ ಕುಡಿಯದೆ ನಡೆಯುತ್ತಿದ್ದರಂತೆ. ರೈಲು ನಿಲ್ದಾಣ, ನಡುವಿನ ದೊಡ್ಡ ಊರಿನ ಬಸ್ ನಿಲ್ದಾಣ, ಕೊನೆಯ ಪಟ್ಟಣ ಎಂದು ಮೂರು ಕಡೆ ಖಚಿತವಾದ ಮೇಲೆ ಅವರ ಬಾಟಲಿಗಳು ಖಾಲಿಯಾಗತೊಡಗಿದವು. ಏಳು ತಿಂಗಳು ಕಾರಿನ ದಾರಿಗಳನ್ನು ಹೆಣೆದ ನಾನು ಇದನ್ನು ಕೇಳದೆ ಇದ್ದುದು ನನ್ನ ಯೋಜನೆಯ ದೊಡ್ಡ ಲೋಪ.

ಸಂಜೆಯ ಹೊತ್ತಿನ ಬಗ್ಗೆಯೂ ಒಂದು ಮಾತು. 2022ರ ಕೊನೆಯಲ್ಲಿ ಮತ್ತು 2023ರ ಆರಂಭದಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಯಿಂದ ಜೀವಹಾನಿಯಾದ ನಂತರ ಈ ಸೀಮೆಯಲ್ಲಿ ಕಬ್ಬಿನ ಗದ್ದೆಯ ನಡುವಿನ ಜಾಡುಗಳಲ್ಲಿ ಮಬ್ಬುಗತ್ತಲಲ್ಲಿ ನಡೆಯುವುದು ಧೈರ್ಯವಲ್ಲ, ಅವಿವೇಕ. ವ್ಯಾನಿನ ದಿನಗಳಲ್ಲಿ ‘ಇನ್ನೂ ಹೊತ್ತಿದೆ, ವ್ಯಾನು ಕಾಯುತ್ತದೆ’ ಎಂದು ಎರಡು ಸಲ ಕತ್ತಲಾಗುವವರೆಗೆ ಎಳೆದಿದ್ದೆವು. ರೈಲಿನ ವೇಳಾಪಟ್ಟಿ ನಮ್ಮನ್ನು ನಾಲ್ಕು ಗಂಟೆಯೊಳಗೆ ಊರೊಳಗೆ ತಂದು ನಿಲ್ಲಿಸುತ್ತದೆ.

2025ರಲ್ಲಿ ಕನ್ನಂಬಾಡಿ ಜೂನ್ ತಿಂಗಳಲ್ಲೇ ತುಂಬಿದ್ದರಿಂದ, ಜುಲೈಗೆಂದು ಇಟ್ಟುಕೊಂಡಿದ್ದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ದಾಟಿ ಕರಿಘಟ್ಟಕ್ಕೆ ಹೋಗುವ ದಾರಿಯನ್ನು ಬದಿಗಿಟ್ಟು ಮತ್ತೆ ವಿರಿಜಾ ನಾಲೆಗೇ ಹೋದೆವು. ಹೊಳೆಗೆ ಹೆಚ್ಚು ನೀರು ಬಿಟ್ಟಾಗ 1804ರ ಆ ಸೇತುವೆಯ ಮೇಲೆ ಸಂಚಾರ ನಿಲ್ಲಿಸುವುದುಂಟು. ಹೀಗೆ ಹಿಂದಿನ ದಿನ ಸಂಜೆ ದಾರಿ ಬದಲಿಸಿದರೂ ಯಾರ ಮುಂಗಡವೂ ಮುಳುಗಲಿಲ್ಲ, ಯಾರ ಕಾರನ್ನೂ ಬೇಡವೆನ್ನಬೇಕಾಗಲಿಲ್ಲ. ಹೊರಡುವ ನಿಲ್ದಾಣದ ಹೆಸರನ್ನಷ್ಟೇ ಎಂಟು ಮಂದಿಗೆ ತಿಳಿಸಿದೆ.

ಈಗ ವರ್ಷದ ಹತ್ತು ತಿಂಗಳನ್ನು ರೈಲು ಮತ್ತು ಬಸ್ಸಿಗೆ ಬಿಟ್ಟಿದ್ದೇವೆ. ಮಂಜು ಕವಿಯುವ ಜನವರಿಯ ಒಂದು ದಿನ ಹೊಸಕನ್ನಂಬಾಡಿಗೆ ಕಾರುಗಳಲ್ಲಿ ಹೋಗುವುದೆಂದೂ, ಆ ದಿನ ಐದೇ ಕಿಲೋಮೀಟರ್ ನಡೆದು ತಿರುಗುವುದೆಂದೂ ಕಾರು ಇರುವ ಮೂವರೂ ತಾವಾಗಿಯೇ ಹೇಳಿದ್ದಾರೆ. ವ್ಯಾನು ಡಿಸೆಂಬರ್‌ನಲ್ಲಿ ತೊಣ್ಣೂರಿನ ನಡಿಗೆಗೆ ಮಾತ್ರ. ಅದಕ್ಕೆ ಒಂಬತ್ತು ಮಂದಿಯಿಂದಲೂ ಸೆಪ್ಟೆಂಬರ್‌ನಲ್ಲೇ ಹಣ ಪಡೆಯುತ್ತೇನೆ, ಬಾರದವರಿಗೆ ಹಿಂದಿರುಗಿಸುವುದಿಲ್ಲ, ಮತ್ತು ಚಾಲಕರಿಗೆ ಬೆಳಿಗ್ಗೆಯೇ ಹೇಳಿ ವ್ಯಾನನ್ನು ನೇರವಾಗಿ ಕೆರೆಯ ಕಟ್ಟೆಯ ಬಳಿಗೆ ಕಳುಹಿಸಿಬಿಡುತ್ತೇನೆ.