ಚಿಂಗ್‌ಚೆಂಗ್ ಬೆಟ್ಟ: ಹತ್ತಲು ರೋಪ್‌ವೇ, ಇಳಿಯಲು ಮೆಟ್ಟಿಲು

ಚೀನಾದ ಚಿಂಗ್‌ಚೆಂಗ್ ಬೆಟ್ಟಕ್ಕೆ ಹೋಗುವವರಿಗೆ ಮೊದಲೇ ಹೇಳ್ತೇನೆ, ರೋಪ್‌ವೇಗೆ ಹೋಗಿಬರುವ ಟಿಕೆಟ್ ತೆಗೆಯಬೇಡಿ. ಹತ್ತಲು ಮಾತ್ರ ತೆಗೆದುಕೊಳ್ಳಿ.

ನಾನು ಮಂಗಳೂರಿನ ಉರ್ವದವಳು, ವಯಸ್ಸು 53, ಎಡ ಮೊಣಕಾಲು ನೋವುಂಟು. ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿ ಗಂಡನ ಕೆಲಸದಿಂದಾಗಿ ಬೆಟ್ಟಕ್ಕೆ ಹತ್ತಿರದ ಚೆಂಗ್ಡು ನಗರದಲ್ಲಿದ್ದಾಳೆ. ಅವಳಲ್ಲಿಗೆ ಹೋದಾಗ ಒಂದು ದಿನ ಇಬ್ಬರೇ ಈ ಬೆಟ್ಟಕ್ಕೆ ಹೋದೆವು. ಊರಿನ ಟ್ರಾವೆಲ್ಸಿನವರು ಬರೆದುಕೊಟ್ಟ ಪಟ್ಟಿಯಲ್ಲಿ ಬೆಟ್ಟದ ಮುಂಭಾಗವಾದ ‘ಮುಂದಿನ ಬೆಟ್ಟ’, ಹಿಂಭಾಗವಾದ ‘ಹಿಂದಿನ ಬೆಟ್ಟ’, ದುಜಿಯಾಂಗ್ಯಾನ್ ಎಂಬ ಹಳೇ ನೀರಾವರಿ ವ್ಯವಸ್ಥೆ ಮೂರೂ ಒಂದೇ ದಿನಕ್ಕೆ ಇತ್ತು. "ಇದನ್ನು ಬರೆದವರು ಇಲ್ಲಿಗೆ ಬಂದೇ ಇಲ್ಲ ಮಾರಾಯ್ತಿ" ಎಂದು ಅವಳು ಆ ಕಾಗದ ಮಡಚಿ ನನ್ನ ಚೀಲಕ್ಕೇ ಹಾಕಿದಳು. ಸರಿಯಾಗಿಯೇ ಹೇಳಿದಳು. ದಾವೋ ಎಂಬ ಚೀನಾದ ಧರ್ಮಪಂಥದ ಹಳೇ ಗುಡಿಗಳು ಮುಖ್ಯವಾಗಿ ಇರುವುದು ಮುಂದಿನ ಬೆಟ್ಟದಲ್ಲಿ. ಒಂದು ದಿನಕ್ಕೆ ಅದೇ ಧಾರಾಳ ಆಯ್ತು.

ಚೆಂಗ್ಡುವಿನಿಂದ ವೇಗದ ರೈಲು ಬೆಟ್ಟದ ಹೆಸರಿನ ಸ್ಟೇಷನ್ನಿಗೇ ಹೋಗುತ್ತದೆ. ಅಲ್ಲಿಂದ ಬಸ್ಸು. ನಾವು ಹೋದಾಗ ಪ್ರವೇಶಕ್ಕೆ 80 ಯುವಾನ್. ಮೊದಲು ಯುಎಚೆಂಗ್ ಕೆರೆ, ದೋಣಿಯಲ್ಲಿ ದಾಟಿದರೆ ರೋಪ್‌ವೇ. ಮೇಲೆ ಶಾಂಗ್‌ಚಿಂಗ್ ಗುಡಿ, ಇನ್ನೂ ಹತ್ತಿದರೆ ತುದಿಯಲ್ಲಿ ಲಾವೋಜುನ್ ಮಂಟಪ. ಎತ್ತರ 1,260 ಮೀಟರ್, ನಮ್ಮ ಕೊಡಚಾದ್ರಿಗಿಂತ ಸ್ವಲ್ಪ ಕಡಿಮೆ. ಮಂಜು ಕವಿದಿತ್ತು, ಕೆಳಗೆ ಏನೂ ಕಾಣಲಿಲ್ಲ. ಬೇಸರವಾಗಲಿಲ್ಲ.

ಇಳಿಯುವಾಗ ತಿಯಾನ್‌ಶಿ ಗುಹೆಯ ದಾರಿ ಹಿಡಿಯಿರಿ. ರೋಪ್‌ವೇಯಲ್ಲೇ ಹಿಂದೆ ಬಂದರೆ ಇದು ತಪ್ಪಿಹೋಗುತ್ತದೆ, ನನಗೆ ಇಡೀ ಬೆಟ್ಟವೆಂದರೆ ಇದೇ. ಎರಡನೇ ಶತಮಾನದಲ್ಲಿ ಝಾಂಗ್ ದಾವೋಲಿಂಗ್ ಎಂಬ ಗುರು ಇಲ್ಲಿ ಕುಳಿತು ಉಪದೇಶ ಮಾಡಿದರಂತೆ. ಕದ್ರಿಯ ಜೋಗಿ ಮಠದ ಗುಡ್ಡ ಹತ್ತಿ ಬೆಳೆದವಳು ನಾನು. ಬೆಟ್ಟ, ಗುಹೆ, ಯೋಗಿ ಎಂದರೆ ಹೊಸದಲ್ಲ. ಆದರೂ ತಲೆಯ ಮೇಲೆ ಜುಟ್ಟು ಗಂಟು ಹಾಕಿದ, ನೀಲಿ ನಿಲುವಂಗಿಯ ಸನ್ಯಾಸಿಯೊಬ್ಬರು ಒದ್ದೆ ಅಂಗಳ ಗುಡಿಸುತ್ತಿದ್ದದ್ದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತೆ.

ಅಲ್ಲೇ ಒಂದು ಗಿಂಕ್ಗೊ ಮರ ಉಂಟು. ಆ ಗುರುವೇ ನೆಟ್ಟದ್ದು ಎನ್ನುತ್ತಾರೆ. ಎಲೆ ಸಣ್ಣ ಬೀಸಣಿಗೆಯ ಹಾಗೆ. ಕೊಂಬೆಗಳಿಂದ ಗಂಟುಗಂಟಾದ ಮರದ ಮುದ್ದೆಗಳು ಕೆಳಗೆ ಜೋತಿವೆ, ಆಲದ ಬಿಳಲಿನಷ್ಟು ತೆಳ್ಳಗಲ್ಲ, ಹಸುವಿನ ಕೆಚ್ಚಲಿನ ಹಾಗೆ ದಪ್ಪ. ಗೆಳತಿ ಏನೂ ಮಾತಾಡದೆ ಕೈಮುಗಿದಳು. ಊರಿನ ಅಶ್ವತ್ಥಕಟ್ಟೆ ಬಿಟ್ಟು ಬಂದು ಎಷ್ಟೋ ವರ್ಷವಾಯ್ತಲ್ಲ ಅವಳಿಗೆ.

ಮೆಟ್ಟಿಲು ಕಲ್ಲಿನದು, ಪಾಚಿ ಕಟ್ಟಿದೆ, ಜಾರುತ್ತದೆ. ಹಿಡಿತ ಇರುವ ಶೂ ಬೇಕೇ ಬೇಕು. ಇಳಿಯುವಾಗ ಮೊಣಕಾಲಿಗೆ ಹೆಚ್ಚು ಭಾರ ಬೀಳುತ್ತದೆ, ನಾನು ಕೋಲು ಹಿಡಿದು ನಿಧಾನ ಬಂದೆ.

ಚಹಾ ಮುಚ್ಚಳದ ಬಟ್ಟಲಲ್ಲಿ ಕೊಡುತ್ತಾರೆ, ಹಾಲು ಸಕ್ಕರೆ ಇಲ್ಲ. ಬಿಸಿನೀರು ಮತ್ತೆ ಮತ್ತೆ ಹಾಕುತ್ತಾರೆ, ಆತುರ ಪಡಿಸುವುದಿಲ್ಲ. ಕೆಳಗೆ ಊಟದ ಅಂಗಡಿಯಲ್ಲಿ ಗಿಂಕ್ಗೊ ಬೀಜ ಹಾಕಿದ ಕೋಳಿ ಸಾರು ಪ್ರಸಿದ್ಧ. ನನಗದು ಸಪ್ಪೆ ಅನಿಸಿತು. ಉಪ್ಪಿನಕಾಯಿ ಮಾತ್ರ ಬಿಡಬೇಡಿ! ಮೂಲಂಗಿ, ಎಲೆಕೋಸು ಉಪ್ಪುನೀರಿನಲ್ಲಿ ಹುಳಿ ಬಂದದ್ದು, ಹಲಸಿನ ತೊಳೆ ಉಪ್ಪಿನಲ್ಲಿಟ್ಟ ನಮ್ಮ ಉಪ್ಪಡ್ ಪಚ್ಚಿಲಿನ ದೂರದ ನೆಂಟ. ಭರಣಿಯ ಬಾಯಿಯ ಸುತ್ತ ಒಂದು ತೋಡು, ಅದರಲ್ಲಿ ನೀರು, ಮೇಲೆ ಬೋರಲು ಬಟ್ಟಲು. ಒಳಗಿನ ಗಾಳಿ ಗುಳುಗುಳು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಅಂಗಡಿಯ ಅಮ್ಮ ನಾನು ಬಗ್ಗಿ ನೋಡುವುದು ಕಂಡು ಬಟ್ಟಲೆತ್ತಿ ತೋರಿಸಿದರು, ನನ್ನ ತಟ್ಟೆಗೆ ಇನ್ನೊಂದು ಹಿಡಿ ಮೂಲಂಗಿಯನ್ನೂ ಹಾಕಿದರು.