ಒಪಿನೆಲ್ ನಂ. 8, ಹಿಗೊನೊಕಾಮಿ: ಬೆಂಗಳೂರಿನ ಮಳೆಗಾಲಕ್ಕೆ ಯಾವ ಮಡಚುಚಾಕು?

ಎರಡನ್ನೂ ಒಂದು ಪೂರ್ತಿ ವರ್ಷ ಸರದಿಯಂತೆ ಬಳಸಿದ ಮೇಲೆ ಹೇಳುತ್ತಿದ್ದೇನೆ: ಸೀಬೆ, ಮಾವಿನಕಾಯಿ ಹೆಚ್ಚಲು ಜೇಬಿಗೊಂದೇ ಚಾಕು ಎಂದಾದರೆ ಫ್ರಾನ್ಸಿನ ಒಪಿನೆಲ್ ನಂ. 8 ತೆಗೆದುಕೊಳ್ಳಿ, ಕಾರ್ಬನ್ ಉಕ್ಕಿನದು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಅಂದವಾದ ಚಾಕು, ಆದರೆ ಅದರ ಜಾಗ ಓದುವ ಮೇಜು. ಒಪಿನೆಲ್‌ನ 8.5 ಸೆಂ.ಮೀ. ಅಲಗು ತೆಳು, ಹಣ್ಣನ್ನು ನುಣುಪಾಗಿ ಕೊಯ್ಯುತ್ತದೆ. ಹಿಗೊನೊಕಾಮಿಯ ಬೆನ್ನು ದಪ್ಪ, ಗಟ್ಟಿ ಮಾವಿನಕಾಯಿ ಕೊಯ್ಯುವ ಮೊದಲೇ ಸೀಳಿಬಿಡುತ್ತದೆ.

ಒಪಿನೆಲ್‌ಗೆ ತೊಂದರೆ ಒಂದೇ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಡುತ್ತದೆ. ಹಿಡಿ ಬೀಚ್ ಮರದ್ದು. ತೇವ ಹೀರಿ ಉಬ್ಬುತ್ತದೆ, ಅಲಗು ಮಡಚಿ ಕೂರುವ ಸೀಳು ಕಿರಿದಾಗಿ, ಅಲಗು ತಿರುಗುವ ಪಿನ್ನಿನ ಬಳಿ ಅದನ್ನು ಕಚ್ಚಿಕೊಳ್ಳುತ್ತದೆ. ಉಗುರು ಹಾಕಿ ಎಳೆದರೆ ಉಗುರೇ ಮುರಿಯುತ್ತದೆ. ಅದರ ಬದಲು ಹಿಡಿಯ ತುದಿಯಲ್ಲಿ, ಪಿನ್ನಿನ ಬಳಿ ಇರುವ ಲೋಹದ ಬಳೆ ತಿರುಗಿಸಿ ಬೀಗ ಬಿಡಿಸಿ, ಹಿಡಿಯ ಎರಡು ಪಕ್ಕಗಳನ್ನು ಮಾತ್ರ ಹಿಡಿದು, ಸೀಳು ಕೆಳಮುಖ ಮಾಡಿ ಬಳೆಯಿಲ್ಲದ ತುದಿಯ ಮೂಲೆಯನ್ನು ಮೇಜಿಗೆ ಕುಟ್ಟಿ. ಹಿಡಿ ಅಲ್ಲೇ ನಿಲ್ಲುತ್ತದೆ, ಅಲಗು ಮಾತ್ರ ತುಸು ಹೊರಗೆ ಇಣುಕುತ್ತದೆ. ಒಪಿನೆಲ್ ಹುಟ್ಟಿದ ಸವ್ವಾ ಸೀಮೆಯವರ ಹಳೆಯ ಉಪಾಯ ಇದು.

ನಿಜವಾದ ರಿಪೇರಿ ಬೇಸಿಗೆಯಲ್ಲೇ ಆಗಬೇಕು, ಮರ ಒಣಗಿದ್ದಾಗ. ಅಲಗನ್ನು ಅರ್ಧ ತೆರೆದು, ಪಿನ್ನಿನ ಬಳಿ ಅಲಗಿಗೂ ಮರಕ್ಕೂ ನಡುವೆ 240 ಗ್ರಿಟ್ ಸ್ಯಾಂಡ್‌ಪೇಪರಿನ ಪಟ್ಟಿ ತೂರಿಸಿ, ಎರಡೂ ಕಡೆ ಹತ್ತಿಪ್ಪತ್ತು ಸಲ ಎಳೆಯಿರಿ. ಹೆಚ್ಚು ಉಜ್ಜಿದರೆ ಮುಂದಿನ ಮಾರ್ಚ್‌ನಲ್ಲಿ ಮರ ಕುಗ್ಗಿ ಅಲಗು ಅಲ್ಲಾಡುತ್ತದೆ. ಆಮೇಲೆ ಸೀಳಿನ ಒಳಗೋಡೆಗೆ ಗಾಣದ ಅಗಸೆ ಎಣ್ಣೆ ತೆಳುವಾಗಿ ಮೂರು ಸಲ ಹಚ್ಚಿ, ಪ್ರತಿ ಸಲವೂ ಕೆಲವು ದಿನ ಒಣಗಲು ಬಿಡಿ. ಎಣ್ಣೆಯ ಬಟ್ಟೆಯನ್ನು ನೀರಲ್ಲಿ ನೆನೆಸಿಯೇ ಎಸೆಯಿರಿ. ಮುದ್ದೆ ಮಾಡಿಟ್ಟರೆ ತಾನಾಗಿ ಹೊತ್ತಿಕೊಳ್ಳಬಹುದು.

ಪಿನ್ನಿಗೆ ತೆಂಗಿನೆಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಚಾಕು ಮತ್ತೆ ಬಿಗಿ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಒಂದು ತೊಟ್ಟು ಸಾಕು.

ಹಿಗೊನೊಕಾಮಿಯ ಹಿಡಿ ಮಡಿಸಿದ ಹಿತ್ತಾಳೆ ತಗಡು, ಉಬ್ಬುವ ಮಾತೇ ಇಲ್ಲ. ಆದರೆ ಬೀಗವೂ ಇಲ್ಲ. ಅಲಗಿನ ಬುಡದಲ್ಲಿರುವ ಚಿಕಿರಿ ಎಂಬ ಪುಟ್ಟ ಬಾಲವನ್ನು ಹೆಬ್ಬೆರಳು ಒತ್ತಿ ಹಿಡಿದಿದ್ದರೇನೇ ಅಲಗು ಭದ್ರ. ರಸದ ಕೈ ಜಾರಿದರೆ ಅದು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಒಪಿನೆಲ್‌ಗೆ 1955ರಲ್ಲೇ ವಿರೋಬ್ಲಾಕ್ ಎಂಬ ಬೀಗದ ಬಳೆ ಬಂತು. ಮರದ ಉಬ್ಬಿಗೆ ಮದ್ದುಂಟು, ಬೀಗವಿಲ್ಲದ್ದಕ್ಕೆ ಇಲ್ಲ. ನನ್ನ ಆಯ್ಕೆ ನಿಂತಿರುವುದು ಇದರ ಮೇಲೆಯೇ.

ಹಿತ್ತಾಳೆ ಕಪ್ಪಾದರೆ ಹುಣಸೆಹಣ್ಣಿನಲ್ಲಿ ತಿಕ್ಕಿ, ಅಲಗಿಗೆ ತಾಗಿಸಬೇಡಿ. ಮಾವಿನಕಾಯಿ ಹುಳಿಗೆ ಎರಡೂ ಅಲಗು ಬೂದುಗಪ್ಪಾಗುತ್ತವೆ, ಅದು ದೋಷವಲ್ಲ. ಕೆಂಪು ತುಕ್ಕು ದೋಷ. ಮೆಟ್ರೊ ಹತ್ತುವ ದಿನ ಎರಡನ್ನೂ ಮನೆಯಲ್ಲಿಡಿ.

ಪೆನ್ಸಿಲ್ ಕೆತ್ತಲು ಮಾತ್ರ ಹಿಗೊನೊಕಾಮಿಯೇ ಸರಿ. ಸಾಣೆ ಹಿಡಿಯುವುದೂ ಸುಲಭ, ಚಪ್ಪಟೆ ಇಳಿಜಾರನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಉಜ್ಜಿದರಾಯಿತು. ಒಪಿನೆಲ್‌ಗೆ ಸುಮಾರು 20 ಡಿಗ್ರಿ ಕೋನವನ್ನು ಕೈಯೇ ಕಾಯಬೇಕು. ಎರಡೂ ಕೊಳ್ಳುವಷ್ಟು ದುಡ್ಡಿದ್ದರೂ ಒಪಿನೆಲ್ ಒಂದನ್ನೇ ತಂದು, ಉಳಿದದ್ದಕ್ಕೆ 1000 ಗ್ರಿಟ್ ಸಾಣೆಕಲ್ಲು ಕೊಳ್ಳುವುದು ನನ್ನ ಲೆಕ್ಕ.